ಬಾಜಿಯಿಲ್ಲದ ರೇಸು

ದೋಹಾದಲ್ಲಿ ಅಂತಾರಾಷ್ಟ್ರೀಯ ಕುದುರೆ ರೇಸಿನ ದಿನ. ‘ಮೊದಲ ಬಾಜಿ ಉಚಿತ’ ಎಂದು ಯಾವುದೋ ವಿದೇಶಿ ಕಂಪನಿಯ ಜಾಹೀರಾತು ಬೆಳಗಿನಿಂದ ನನ್ನ ಫೋನಿಗೆ ಬರುತ್ತಲೇ ಇತ್ತು. ನಾನೋ ಮೈಸೂರಿನ ರೇಸ್‌ಕೋರ್ಸ್ ನೋಡಿ ಬೆಳೆದವನು. ಗ್ಯಾಲರಿಯಲ್ಲಿ ಪಕ್ಕ ಕೂತಿದ್ದ ಕತಾರಿ ಅಜ್ಜನನ್ನು ಹಿಂದಿಯಲ್ಲಿ ಕೇಳಿಯೇಬಿಟ್ಟೆ: “ಬಾಜಿ ಕಟ್ಟುವ ಕೌಂಟರ್ ಎಲ್ಲಿದೆ?”

ಅವರ ಮುಖ ಗಂಭೀರವಾಯಿತು. “ಮಾಫಿ, ಇಲ್ಲವೇ ಇಲ್ಲ! ಇಲ್ಲಿ ಬಾಜಿ ಕಟ್ಟುವುದು ಅಪರಾಧ.”

ನನ್ನ ಕೆಲಸ, ವೀಸಾ ಎಲ್ಲ ಕಣ್ಣೆದುರು ಬಂದವು. ಅಜ್ಜ ನಕ್ಕು ಭುಜ ತಟ್ಟಿದರು. “ಆ ಬಿಳಿ ಕುದುರೆ ನನ್ನ ಮಗನದು. ದುಡ್ಡು ಬೇಡ, ಅದಕ್ಕಾಗಿ ಕೂಗು. ಯಲ್ಲಾ, ನಡಿ!”

ಇಬ್ಬರೂ ಎದ್ದು ನಿಂತು ಕೂಗಿದೆವು. ಕುದುರೆ ಎಲ್ಲಕ್ಕಿಂತ ಕೊನೆಗೆ ಬಂತು. ಅಜ್ಜ ಗೆದ್ದವರಂತೆ ನನ್ನನ್ನು ತಬ್ಬಿಕೊಂಡರು.

ಬಾಜಿ ಕಟ್ಟದಿದ್ದರೂ ಗಂಟಲು ಕಟ್ಟಿತ್ತು. ಮನೆಗೆ ಬಂದರೆ ಮಾತೇ ಹೊರಡದು. ಇಂಥ ರೇಸು ವಾರವಾರವೂ ನಡೆಯಲಿ ಎಂದಳು ಹೆಂಡತಿ.