ಹಾನಗಲ್ಲಿನ ಒಂದು ಚೀಲ ಮಣ್ಣು

ಕಟ್ಟೆಯ ಮೇಲೆ ಕುಳಿತು ಹಳೆಯ ಚಾಕುವಿನಿಂದ ಚಪ್ಪಲಿ ಕೆರೆಯುತ್ತಿದ್ದೇನೆ. ಸವಣೂರಿನ ಎರೆಮಣ್ಣನ್ನು ಮಳೆಗಾಲದಲ್ಲಿ ತುಳಿದವರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ತುಳಿಯದವರಿಗೆ ಇಷ್ಟು ಸಾಕು: ಅಂಗಳದಲ್ಲಿ ಹತ್ತು ಹೆಜ್ಜೆ ಹಾಕಿದರೆ ನೀವು ನಾಲ್ಕು ಬೆರಳು ಎತ್ತರವಾಗಿರುತ್ತೀರಿ, ಹನ್ನೊಂದನೆಯ ಹೆಜ್ಜೆಗೆ ಚಪ್ಪಲಿ ಹಿಂದೆಯೇ ಉಳಿದಿರುತ್ತದೆ. ಇಪ್ಪತ್ತೆರಡು ವರ್ಷಗಳಿಂದ ಈ ಮಣ್ಣನ್ನು ಬೈಯುತ್ತ ಬಂದವಳು ನಾನು. ಇವತ್ತು ಮಾತ್ರ ಬೈಗಳು ಬಾಯಿಗೆ ಬರುತ್ತಿಲ್ಲ.

ನಾನು ಹಾನಗಲ್ಲಿನವಳು. ಅಲ್ಲಿಯ ನಮ್ಮ ಹಿತ್ತಲು ಕೆಂಪು ಮಸಾರಿ. ಮಳೆ ನಿಂತ ಅರ್ಧ ತಾಸಿಗೆ ನೆಲದ ಮೇಲೆ ಕುಳಿತು ಆಡಬಹುದಿತ್ತು. ಅವ್ವ ಅಲ್ಲಿ ದುಂಡುಮಲ್ಲಿಗೆ ಬೆಳೆಸಿದ್ದಳು. ಬೆಳೆಸಿದ್ದಳು ಅನ್ನುವುದು ದೊಡ್ಡ ಮಾತು; ಪಾತ್ರೆ ತೊಳೆದ ನೀರು ಹರಿಯುವಲ್ಲಿ ಒಂದು ಕಡ್ಡಿ ಚುಚ್ಚಿ ಮರೆತಿದ್ದಳು, ಅದು ಬೆಳೆದಿತ್ತು. ಮದುವೆಯಾದ ಮೊದಲ ಮಳೆಗಾಲದಲ್ಲಿ ಅದರದೇ ಬೇರು ಬಂದ ಒಂದು ಸಸಿಯನ್ನು ನನಗೆ ಕೊಟ್ಟಳು. ನನಗೆ ಚಿಂತೆ ಹತ್ತಿತು. ಚಿಂತೆ ನನ್ನ ಹಳೆಯ ಕಸುಬು. ಬಸ್ಸು ತಪ್ಪೀತೆಂದು ಒಂದು ತಾಸು ಮೊದಲೇ ನಿಲ್ದಾಣಕ್ಕೆ ಹೋಗಿ, ಅಲ್ಲಿ ಕುಳಿತು ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಬೆವರುವವಳು ನಾನು. ಕೆಂಪು ಮಣ್ಣಿನ ಗಿಡ ಕರಿಮಣ್ಣಿನಲ್ಲಿ ಹೇಗೆ ಬದುಕೀತು? ಅದಕ್ಕೆಂದು ಒಂದು ಚೀಲ ಹಿತ್ತಲ ಮಣ್ಣನ್ನೂ ತುಂಬಿಕೊಂಡೆ. ಶಿಗ್ಗಾಂವಿಯಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರು ಆ ಚೀಲ ಎತ್ತಿ ಇಟ್ಟು ನಡು ಹಿಡಿದುಕೊಂಡ.

“ಏನೈತ್ರಿ ಅಕ್ಕಾರ ಇದರಾಗ, ಜ್ವಾಳಾ?”

“ಮಣ್ಣು.”

“ಯಾಕ್ರಿ, ಸವಣೂರಾಗ ಮಣ್ಣು ಮುಗದೈತೇನು?”

ಬಸ್ಸೆಲ್ಲ ನಕ್ಕಿತು. ನಾನು ಕಿಟಕಿಯಾಚೆ ನೋಡಿದೆ. ದಾರಿಯ ಬದಿಯ ಹೊಲಗಳು ಕೆಂಪಿನಿಂದ ಕಂದಾಗಿ, ಕಂದಿನಿಂದ ಕಪ್ಪಾಗುತ್ತ ಬಂದವು. ನನ್ನ ಮುಖವೂ ಹಾಗೇ ಆಗಿದ್ದಿರಬೇಕು.

ನಾನು ಅಂಗಳದಲ್ಲಿ ಮೊಳದಾಳ ತಗ್ಗು ತೋಡಿ, ತವರಿನ ಮಣ್ಣು ತುಂಬಿ ಸಸಿ ಹಚ್ಚುವುದನ್ನು ಅತ್ತೆ ಜೋಳ ಹಸನು ಮಾಡುತ್ತ ನೋಡಿದರು.

“ಎರಿ ನೆಲದಾಗ ತಗ್ಗು ತೋಡಿದ್ರ ಅದು ನೀರಿನ ಬಾನಿ ಆಗತೈತಿ ಯವ್ವಾ. ನೀರು ಎಲ್ಲಿಗೆ ಹೋಗಬೇಕು?”

“ಹಂಗೇನಿಲ್ರಿ ಅತ್ಯಾರ. ನಮ್ಮ ಹಾನಗಲ್ಲ ಮಣ್ಣು ನೀರು ನಿಂದರಗೊಡೂದಿಲ್ಲ.”

ಅತ್ತೆ ಮೊರದಿಂದ ಒಂದು ಹರಳು ಆರಿಸಿ ಬಿಸಾಡಿದರು.

ನಾನು ಶಾಲೆಯಲ್ಲಿ ಪಾಠ ಹೇಳುವವಳು ಎಂಬುದನ್ನು ಇಲ್ಲಿ ನಾಚಿಕೆಯಿಂದ ತಿಳಿಸುತ್ತೇನೆ. ‘ಎರೆಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ’ ಎಂದು ಬರೆದ ಮಕ್ಕಳಿಗೆ ಪ್ರತಿ ವರ್ಷ ಪೂರ್ತಿ ಅಂಕ ಕೊಟ್ಟಿದ್ದೇನೆ.

ಹತ್ತು ದಿನಕ್ಕೆ ಎಲೆಗಳು ಹಳದಿಯಾದವು. ಸರಿಯಾಗಿ ಆಗಲೇ ಹಿರೇಕೆರೂರಿನಲ್ಲಿ ಶಿಕ್ಷಕರ ತರಬೇತಿ ಬಂತು, ಎಂಟು ದಿನ. ಅಲ್ಲಿ ಏನು ಕಲಿಸಿದರೋ ನೆನಪಿಲ್ಲ. ಪಕ್ಕದಲ್ಲಿ ಕುಳಿತವರನ್ನೆಲ್ಲ ಮಲ್ಲಿಗೆಯ ಬಗ್ಗೆ ಕೇಳಿದ್ದು ನೆನಪಿದೆ. ಒಬ್ಬರು ಉಸುಕು ಹಾಕೆಂದರು, ಒಬ್ಬರು ನೀರು ಹೆಚ್ಚು ಹಾಕೆಂದರು, ಮೂರನೆಯವರು ಯಾರದೋ ದೃಷ್ಟಿ ತಾಗಿದೆ ಎಂದರು. ಸತ್ತ ಗಿಡವನ್ನು ನೋಡಲು ಮನಸ್ಸು ಗಟ್ಟಿ ಮಾಡಿಕೊಂಡು ಊರಿಗೆ ಬಂದರೆ, ಅತ್ತೆ ಬುಡಕ್ಕೆ ಏರಿಸಿದ್ದ ಗೊಬ್ಬರದ ನಡುವೆ ಹೆಸರುಕಾಳಿನಷ್ಟು ಹಸಿರು ಚಿಗುರು.

“ನೋಡಿದ್ರ್ಯಾ ಅತ್ಯಾರ, ನಮ್ಮ ಮಣ್ಣು ಕೈ ಬಿಡಲಿಲ್ಲ.”

“ಹೌದ್ಯವ್ವಾ,” ಎಂದರು ಅತ್ತೆ.

ಆಮೇಲೆ ಇಪ್ಪತ್ತೆರಡು ವರ್ಷ ಆ ಗಿಡ ಹೂವು ಕೊಟ್ಟಿತು, ನಾನು ಭಾಷಣ ಕೊಟ್ಟೆ. ಮಾಲೆ ಒಯ್ದ ಪ್ರತಿ ಮನೆಯಲ್ಲೂ ತವರಿನ ಮಣ್ಣಿನ ಗುಣಗಾನ. ಈ ನಡುವೆ ಅವ್ವ ತೀರಿಕೊಂಡಳು. ತಮ್ಮ ಹಾನಗಲ್ಲಿನ ಹಿತ್ತಲಲ್ಲಿ ಕಾರಿಗೆ ಶೆಡ್ಡು ಕಟ್ಟಿಸಿದ; ಮೂಲ ಗಿಡ ಅದರ ಅಡಿಗೆ ಹೋಯಿತು. ಹೀಗೆ ಅವ್ವನ ಮಲ್ಲಿಗೆ ಎಂದು ಭೂಮಿಯ ಮೇಲೆ ಉಳಿದದ್ದು ನಮ್ಮ ಅಂಗಳದ್ದೊಂದೇ.

ಇವತ್ತು ಮುಂಜಾನೆ ನಳದ ಪೈಪು ಹಾಕುವವರು ಬಂದು ಸರಿಯಾಗಿ ಅದರ ಮಗ್ಗುಲಿಗೆ ಅಗೆದರು. ಗಿಡ ಕೀಳಲೇಬೇಕೆಂದರು. ಅವರು ಅಗೆದ ಚರದೊಳಗೆ ಬಗ್ಗಿ ನೋಡಿದೆ. ಬೇರುಗಳ ಸುತ್ತ ಕರಿಮಣ್ಣು, ಬೂದಿ, ಹೆಂಚಿನ ಚೂರು. ಮತ್ತೆ ಕರಿಮಣ್ಣು. ನನ್ನ ಹಾನಗಲ್ಲಿನ ಕೆಂಪು ಒಂದು ಚಿಟಿಕೆಯೂ ಇರಲಿಲ್ಲ.

“ಅತ್ಯಾರ, ನಮ್ಮ ಮಣ್ಣು ಎಲ್ಲೈತ್ರಿ?”

ಅತ್ತೆಗೆ ಈಗ ಎಂಬತ್ತು ದಾಟಿದೆ. ಎಲೆಗೆ ಸುಣ್ಣ ಹಚ್ಚುತ್ತಿದ್ದವರು ತಲೆ ಎತ್ತಲಿಲ್ಲ.

“ನೀ ಹಿರೇಕೆರೂರಿಗೆ ಹೋದಾಗ ತಗದೆ. ಬೇರು ಕೊಳಿಯಾಕತ್ತಿತ್ತು. ನಮ್ಮ ಮಣ್ಣಿಗೆ ಬೂದಿ, ಹೆಂಚು, ಗೊಬ್ಬರ ಕೂಡಿಸಿ ದಿಬ್ಬ ಮಾಡಿ ಹಚ್ಚಿದೆ.”

“ತಗದ ಮಣ್ಣು?”

“ಪಂಚಮಿಗೆ ಕಟ್ಟಿ ಸಾರಿಸಿದ್ನಲ್ಲ. ಕೆಮ್ಮಣ್ಣಿನ ಬಣ್ಣ ಭಾರಿ ಚಲೋ ಐತಿ ಅಂತ ನೀನ ಅಂದಿದ್ದಿ.”

ಅಂದಿದ್ದೆ. ನೆನಪಾಯಿತು.

“ಇಷ್ಟು ವರ್ಷ ಹೇಳಲಿಲ್ಲಲ್ರಿ.”

“ಮೊದಲನೆ ದಿವಸ ಹೇಳಿದ್ದೆನಲ್ಲ. ಆಮ್ಯಾಲೆ ನೀ ಕೇಳಲಿಲ್ಲ.”

ಕೇಳಿದ್ದು ಇವತ್ತೇ. “ಎಲ್ಲಿ ಹಚ್ಚಲ್ರಿ, ಹೆಂಗ ಹಚ್ಚಲಿ?” ಎಂದೆ. ಅತ್ತೆ ಒಂದು ಹಿಡಿ ಹಸಿ ಮಣ್ಣು ತರಿಸಿಕೊಂಡು ಅಂಗೈಯಲ್ಲಿ ಹೊಸೆದರು. ಶ್ಯಾವಿಗೆಯಂತೆ ಎಳೆ ಬಂತು. “ಜಿಗಿ ಭಾಳ ಐತಿ. ಬೂದಿ ಕೂಡಸು.” ಕೂಡಿಸಿ ಮತ್ತೆ ತಂದೆ, ಎಳೆ ಅರ್ಧಕ್ಕೆ ತುಂಡಾಯಿತು. “ಈಗ ದಿಬ್ಬ ಮಾಡಿ ಒಂದು ಕೊಡ ನೀರು ಸುರುವು. ನಾಕು ರೊಟ್ಟಿ ಬಡದು ಬಾ. ಅಷ್ಟರಾಗ ನೀರು ಇಂಗಿತ್ತಂದ್ರ ಹಚ್ಚು.” ಮೊದಲೆರಡು ಸಲ ಇಂಗಲಿಲ್ಲ. ಇವತ್ತು ನಮ್ಮ ಮನೆಯಲ್ಲಿ ಹನ್ನೆರಡು ರೊಟ್ಟಿಗಳಾದವು.

ಗಿಡದ ಟೊಂಗೆಗಳನ್ನು ಕತ್ತರಿಸಿ, ಬುಡ ಸಮೇತ ಎಬ್ಬಿಸಿ ಹಚ್ಚಿದೆ. ಪಕ್ಕದಲ್ಲಿ ನಾಲ್ಕು ಕಡ್ಡಿಗಳನ್ನೂ ಊರಿದೆ. ಸಂಜೆಯವರೆಗೆ ಎಂಟು ಸಲ ಹೋಗಿ ನೋಡಿಬಂದಿದ್ದೇನೆ. ಅದಕ್ಕೇ ಈ ಚಪ್ಪಲಿಯ ಗತಿ. ಉಳಿಸಿದ ಎಲೆ ಇನ್ನೂ ಬಾಡಿಲ್ಲ.

ಈಗ ತಾನೇ ತಮ್ಮನ ಫೋನು ಬಂದಿತ್ತು. ಶೆಡ್ಡಿನ ಪಕ್ಕ ಒಂದಿಷ್ಟು ಜಾಗ ಉಳಿದಿದೆಯಂತೆ. “ಅಕ್ಕಾ, ಅವ್ವನ ಗಿಡದ್ದು ಒಂದು ಕಡ್ಡಿ ಕಳಸು. ಜತಿಗೆ ಒಂದು ಚೀಲ ಅಲ್ಲೀ ಮಣ್ಣೂ ಕಳಸು. ಅದಕ್ಕ ಈಗ ಆ ಮಣ್ಣ ರೂಢಿ ಆಗಿರತೈತಿ. ನನಗ ಅದ ಚಿಂತಿ ಹತ್ತೈತಿ.”

ಬೇಡ ಎನ್ನಲು ಬಾಯಿ ತೆರೆದೆ. ಪಕ್ಕದಲ್ಲೇ ಕುಳಿತು ಕೇಳುತ್ತಿದ್ದ ಅತ್ತೆ ಕೈ ಅಡ್ಡ ಮಾಡಿದರು.

“ಕಳಸು. ತಲಿ ತೊಳಕೊಳ್ಳಾಕ ಎರಿಮಣ್ಣಿನಂಥಾದ್ದು ಇಲ್ಲ. ಅವನ ಹೇಣ್ತಿ ಶಾಣ್ಯಾಕಿ ಅದಾಳ.”

ಚಪ್ಪಲಿ ಕೆರೆಯುವುದನ್ನು ಬಿಟ್ಟಿದ್ದೇನೆ. ಚೀಲ ಹುಡುಕಬೇಕು.