ಪೂಜೆ ಮಾಡಿದ ಬಂದೂಕಿಗೆ ಗರಗಸ

ಶನಿವಾರ. ಅಮೆರಿಕದ ಎವರೆಟ್‌ನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗ್ಯಾರೇಜಿನ ಬಾಗಿಲು ಅರ್ಧ ಎತ್ತಿಟ್ಟು, ಗಂಡನ ಹಳೇ ಜರ್ಕಿನ್ ಏರಿಸಿಕೊಂಡು, ಗೌರಾದೇವಿ ನಿನ್ನೆ ಸಂಜೆ ಬಂದ ಒಂದು ರೈಫಲ್ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾರೆ. ಗುಂಡಿಲ್ಲ, ಬೋಲ್ಟ್ ಕಳಚಿಟ್ಟಿದೆ. ಭುಜಕ್ಕೆ ಆನಿಸುವ ಮರದ ಭಾಗಕ್ಕೆ ಇಲ್ಲಿ ಸ್ಟಾಕ್ ಎನ್ನುತ್ತಾರೆ. ಆ ಸ್ಟಾಕಿನ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಮರದ ಎಳೆಯೊಳಗೆಲ್ಲ ಅರಿಶಿನ. ಆಯುಧಪೂಜೆ ಭರ್ಜರಿಯಾಗಿಯೇ ಆಗಿದೆ.

"ದೇವರಿಗೆ ಚೆನ್ನಾಗೇ ಇದೆ," ಎಂದು ಗೊಣಗುತ್ತಾರೆ ಗೌರಾದೇವಿ. "ಆದ್ರೆ ಹೊಡೆಯೋದು ದೇವರಲ್ಲ, ಸೌಜನ್ಯ ತಾನೇ."

ಐವತ್ನಾಲ್ಕರ ಈ ಹೆಂಗಸು ವಾರಪೂರ್ತಿ ಅಡುಗೆಮನೆಯ ಕಪಾಟು ಮಾಡುವ ವರ್ಕ್‌ಶಾಪಿನಲ್ಲಿ ದುಡಿಯುತ್ತಾರೆ. ಶನಿವಾರ ಬಂತೆಂದರೆ ಬಂದೂಕಿನ ಕ್ಲಬ್ಬಿನವರು ಗ್ಯಾರೇಜಿಗೆ ಬರುತ್ತಾರೆ. ಅವರದು ಸಿಲೂಯೆಟ್ ಎಂಬ ಆಟ: ಉಕ್ಕಿನ ಕೋಳಿ, ಹಂದಿ, ಟರ್ಕಿ, ಕೊನೆಗೆ ನೂರು ಮೀಟರ್ ಆಚೆ ಟಗರು. ನಿಂತೇ ಹೊಡೆಯಬೇಕು, ಬೆಂಚಿಲ್ಲ, ಊರೆಗೋಲಿಲ್ಲ. ಗುಂಡು ತಗುಲಿದರೆ ಸಾಲದು, ಗುರಿ ಉರುಳಿ ಬೀಳಬೇಕು. ಬಹುಮಾನದ ಫೋಟೋದಲ್ಲಿ ರೈಫಲ್ ಇರುತ್ತದೆ, ಹಿಡಿದವರಿರುತ್ತಾರೆ. ಸ್ಟಾಕನ್ನು ಅವರ ಮೈಗೆ ಹೊಂದಿಸಿಕೊಟ್ಟವರು ಯಾರೆಂದು ಈವರೆಗೆ ಒಬ್ಬರೂ ಕೇಳಿದ್ದಿಲ್ಲ.

ಅದರ ಬಗ್ಗೆ ಅವರಿಗೇನೂ ಬೇಜಾರಿಲ್ಲ. ಅವರ ತಲೆ ಚಿಟ್ಟು ಹಿಡಿಸುವುದು ಜನ ರೈಫಲ್ ಆರಿಸುವ ರೀತಿ. ಒಬ್ಬ ಬಣ್ಣ ನೋಡಿ ತರುತ್ತಾನೆ, ಇನ್ನೊಬ್ಬ ವಿಡಿಯೋ ನೋಡಿ. ಮೊನ್ನೆ ಒಬ್ಬ ಮಹಾರಾಯ ಮಲಗಿ ಹೊಡೆಯುವ ರೈಫಲ್ ಹೊತ್ತು ತಂದಿದ್ದ. ಎರಡು ನಿಮಿಷ ಎತ್ತಿ ಹಿಡಿಯುವಷ್ಟರಲ್ಲಿ ಅವನ ತೋಳು ಅದುರುತ್ತಿತ್ತು. ತೀರಾ ಹಗುರದ್ದೂ ಆಗುವುದಿಲ್ಲ, ಉಸಿರಾಡಿದರೆ ಅಲ್ಲಾಡುತ್ತದೆ. ಕಣ್ಣು ಮುಚ್ಚಿ ಭುಜಕ್ಕೇರಿಸಿ, ಕಣ್ಣು ತೆರೆದಾಗ ರೈಫಲ್ ಮೇಲಿನ ದುರ್ಬೀನು ನೇರ ಕಣ್ಣೆದುರಿಗೇ ಬಂದಿರಬೇಕು. ಕತ್ತು ಬಗ್ಗಿಸಿ ಹುಡುಕುವಂತಾದರೆ ಆ ಸ್ಟಾಕ್ ಅವರದಲ್ಲ. ಇಷ್ಟನ್ನು ಹೇಳೀ ಹೇಳೀ ಅವರ ಬಾಯಿ ನೋಯುತ್ತಿದೆ.

"ತಾಳಿ ಕಟ್ಟಿ ಆದ್ಮೇಲೆ ಜಾತಕ ತೋರ್ಸೋಕೆ ಬರ್ತಾರೆ ನನ್ನತ್ರ," ಎನ್ನುತ್ತಾರೆ.

ಸೌಜನ್ಯಳ ಕಥೆಯೂ ಅದೇ. ಕರ್ಕ್‌ಲ್ಯಾಂಡ್‌ನ ಸಾಫ್ಟ್‌ವೇರ್ ಹುಡುಗಿ, ಕುಳ್ಳಗಿದ್ದಾಳೆ. ಕ್ಲಬ್ಬಿನ ರೈಫಲ್ ಎರವಲು ಪಡೆದು ಆಡುತ್ತಿದ್ದಾಗ ಚೆನ್ನಾಗಿಯೇ ಹೊಡೆಯುತ್ತಿದ್ದಳು. ಕಳೆದ ವರ್ಷ ಗಂಡ ಅಖಿಲ್ ಗುಟ್ಟಾಗಿ ಒಂದನ್ನು ಕೊಂಡು ಉಡುಗೊರೆ ಕೊಟ್ಟ. ಅಂಗಡಿಯಲ್ಲಿ ಭುಜಕ್ಕಿಟ್ಟು ನೋಡಿಯೇ ಆರಿಸಿದನಂತೆ, ತನ್ನ ಆರಡಿ ಎತ್ತರದ ಭುಜಕ್ಕೆ! ಅಂದಿನಿಂದ ಅವಳಿಗೆ ಒಂದು ಟಗರೂ ಬಿದ್ದಿಲ್ಲ. ನಾಳೆ ಋತುವಿನ ಕೊನೆಯ ಪಂದ್ಯ. ನಾಳೆಯೂ ಬೀಳದಿದ್ದರೆ ಕ್ಲಬ್ ಬಿಡುತ್ತೇನೆಂದು ಅವಳು ಹೇಳಿಬಿಟ್ಟಿದ್ದಾಳೆ. ಸ್ಟಾಕನ್ನು ಒಂದೂವರೆ ಇಂಚು ಕೊಯ್ದು, ಕೆನ್ನೆ ತಾಗುವ ಜಾಗ ಎತ್ತರಿಸಿದರೆ ಎಲ್ಲ ಸರಿಹೋಗುತ್ತದೆ. ಕೊಯ್ಯಲು ಅತ್ತೆ ಬಿಡಬೇಕಲ್ಲ! ದೇವರ ಮುಂದಿಟ್ಟು ಪೂಜಿಸಿದ ಆಯುಧ ಅದು, ಊನ ಮಾಡಬಾರದು ಎಂದು ರುಕ್ಮಿಣಮ್ಮನವರ ಹಟ. ಈ ವರ್ಷ ಮತ್ತೊಮ್ಮೆ ಪೂಜೆಯಾಗಿ ಹಟ ಇನ್ನಷ್ಟು ಬಲಿತಿದೆ.

ಎಂಟು ಗಂಟೆಗೆ ಮೂವರೂ ಬರುತ್ತಾರೆ. ಅಖಿಲ್ ಬಾಗಿಲಲ್ಲೇ ನಿಲ್ಲುತ್ತಾನೆ. ರುಕ್ಮಿಣಮ್ಮ ಕುರ್ಚಿ ಎಳೆದು ರೈಫಲ್ಲಿನ ಪಕ್ಕವೇ ಕಾವಲು ಕೂರುತ್ತಾರೆ. ಬೇಕಾದರೆ ಮೇಲೊಂದು ಮೆತ್ತೆ ಅಂಟಿಸು, ಕೊಯ್ಯುವ ಮಾತು ಮಾತ್ರ ಬೇಡ ಎನ್ನುತ್ತಾರೆ. ಉದ್ದವಾದ ಅಂಗಿಗೆ ತೇಪೆ ಹಾಕಿದರೆ ಗಿಡ್ಡವಾಗುತ್ತದೆಯೇ ಎಂದು ಗೌರಾದೇವಿ ಕೇಳುತ್ತಾರೆ. ಸೌಜನ್ಯ ನೆಲ ನೋಡುತ್ತಾಳೆ. ಒಂದು ವರ್ಷದಿಂದ ಅವಳು ಅತ್ತೆಗೆ ಎದುರಾಡಿಲ್ಲ, ಟಗರನ್ನೂ ಉರುಳಿಸಿಲ್ಲ.

ಗೌರಾದೇವಿಗೆ ಸಾಕಾಗುತ್ತದೆ. ಗೋಡೆಯ ಮೊಳೆಯಿಂದ ಗರಗಸ ಇಳಿಸಿ ರುಕ್ಮಿಣಮ್ಮನವರ ತೊಡೆಯ ಮೇಲಿಡುತ್ತಾರೆ. ಅದರ ಹಿಡಿಯ ಮೇಲೂ ವಿಭೂತಿ, ಕುಂಕುಮ. ಮೈಸೂರಿನಲ್ಲಿ ಬೀಟೆಮರದ ಕುಸುರಿ ಮಾಡುತ್ತಿದ್ದ ಅಪ್ಪನ ಗರಗಸ ಅದು. ಹೆಣ್ಣುಮಕ್ಕಳು ಪಾಲಿಶ್ ಹಾಕಬಹುದು, ಗರಗಸ ಮುಟ್ಟಬಾರದು ಎನ್ನುತ್ತಿದ್ದ ಮನೆ. ಈ ಊರಿಗೆ ಬಂದ ಮೇಲೆಯೇ ಅದು ಮಗಳ ಕೈಗೆ ಬಂದದ್ದು.

"ಇದಕ್ಕೂ ಅವತ್ತೇ ಪೂಜೆ ಆಗಿದೆ ರುಕ್ಮಿಣಮ್ಮನವರೇ. ಮಾರನೇ ದಿನಾನೇ ಅರ ಹಾಕಿ ಹಲ್ಲು ಮಸೀತೀನಿ. ನಮ್ಮಪ್ಪಾನೂ ಹಾಗೇ ಮಾಡ್ತಿದ್ರು. ಕೆಲಸಕ್ಕೆ ಬರ್ಲಿ ಅಂತ ತಾನೇ ಪೂಜೆ? ಪೂಜೆ ಆದ ಗರಗಸ ಪೂಜೆ ಆದ ಮರ ಕೊಯ್ದ್ರೆ ಯಾರಿಗೇನು ದೋಷ, ಹೇಳಿ."

ರುಕ್ಮಿಣಮ್ಮ ಗರಗಸದ ಕುಂಕುಮ ನೋಡುತ್ತಾರೆ, ಸೊಸೆಯ ಬಗ್ಗಿದ ತಲೆ ನೋಡುತ್ತಾರೆ. ಕುರ್ಚಿ ಹಿಂದಕ್ಕೆ ಸರಿಸುತ್ತಾರೆ.

"ಬಿದ್ದ ತುಂಡು ಕಸಕ್ಕೆ ಹಾಕ್ಬೇಡ ಗೌರಾ. ನಂಗೆ ಕೊಡು, ದೇವರ ಹತ್ರ ಇಟ್ಕೋತೀನಿ."

ಸೌಜನ್ಯಳಿಗೆ ಪಂದ್ಯಕ್ಕೆ ತೊಡುವ ಮಳೆಯಂಗಿಯನ್ನೇ ಹಾಕಿಸಿ ಗೌರಾದೇವಿ ಅಳತೆ ಹಿಡಿಯುತ್ತಾರೆ. ಬರೀ ಕುರ್ತಾದಲ್ಲಿ ಅಳೆದರೆ ನಾಳೆ ಮತ್ತೆ ಉದ್ದವಾಗುತ್ತದೆ. ಕೊಯ್ದು, ಉಜ್ಜಿ, ಕೆನ್ನೆಯ ಜಾಗಕ್ಕೆ ಮರದ ಪಟ್ಟಿ ಅಂಟಿಸುವಷ್ಟರಲ್ಲಿ ಮಧ್ಯಾಹ್ನ ದಾಟುತ್ತದೆ. ಅಷ್ಟು ಹೊತ್ತೂ ಅಖಿಲ್‌ಗೆ ಬೈಗುಳ ತಪ್ಪುವುದಿಲ್ಲ.

ಭಾನುವಾರ, ಈಸ್ಟ್‌ಗೇಟ್ ಬಡಾವಣೆ ದಾಟಿ ಕಾಡಂಚಿನ ಮೈದಾನ. ಗೌರಾದೇವಿ ಎಲ್ಲರಿಗಿಂತ ಹಿಂದೆ, ಫ್ಲಾಸ್ಕಿನ ಕಾಫಿ ಹಿಡಿದು ನಿಂತಿದ್ದಾರೆ. ಸೌಜನ್ಯಳ ಸರದಿ. ಮೊದಲ ಟಗರು ತಪ್ಪುತ್ತದೆ. ಎರಡನೆಯದೂ ತಪ್ಪುತ್ತದೆ. ಕಾಫಿ ಆರುತ್ತಿದೆ. ಮೂರನೆಯದಕ್ಕೆ ಠಣ್ ಎಂಬ ಸದ್ದು ತಡವಾಗಿ ಬಂದು ಮುಟ್ಟುವಷ್ಟರಲ್ಲಿ ಟಗರು ಆಗಲೇ ಮಗುಚಿ ಬಿದ್ದಿದೆ.

ಸರದಿ ಮುಗಿಸಿ, ರೈಫಲ್ ಕೆಳಗಿಟ್ಟು, ಹುಡುಗಿ ಓಡಿಬರುತ್ತಾಳೆ. ಅವಳ ಕಣ್ಣು ತುಂಬಿದೆ.

"ಗೌರಕ್ಕ, ಸ್ಟಾಕ್ ಇದೆ ಅಂತಾನೇ ಗೊತ್ತಾಗ್ಲಿಲ್ಲ ನಂಗೆ."

ಗೌರಾದೇವಿ ಆರಿದ ಕಾಫಿ ಹುಲ್ಲಿಗೆ ಚೆಲ್ಲಿ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾರೆ.

"ಗೊತ್ತಾಗಬಾರ್ದು ಕಣೇ. ಗೊತ್ತಾದ್ರೆ ನನ್ನ ಕೆಲಸ ಕೆಟ್ಟಿದೆ ಅಂತ ಅರ್ಥ."