ಕ್ಲಚ್ಚಿಲ್ಲದ ಗಾಡಿಯ ರಂಗನಾಯಕರು

ಬೇಗೂರಿನ ಹೊಲಗಳ ಮೇಲೆ ಮಂಜು ಇನ್ನೂ ಕರಗಿಲ್ಲ. ಹೊಲದ ಯಜಮಾನರಾದ ನೀಲಕಂಠಸ್ವಾಮಿಯವರ ಕೊಟ್ಟಿಗೆಯ ಪಕ್ಕದ ತಗಡಿನ ಚಪ್ಪರದಿಂದ ಒಂದು ದನಿ ಏಳುತ್ತದೆ. ಲಾರಿಯ ಗಡಗಡ ಅಲ್ಲ. ತಂಬೂರಿಯ ತಂತಿ ಮೀಟಿದ ಮೇಲೂ ಗಾಳಿಯಲ್ಲಿ ಉಳಿಯುತ್ತದಲ್ಲ, ಅಂಥ ಒಂದೇ ಎಳೆಯ ನಾದ. ಎಂಜಿನ್ ಓಡುತ್ತಿದೆ, ಗಾಡಿ ಮಾತ್ರ ನಿಂತಲ್ಲೇ ನಿಂತಿದೆ. ರಂಗನಾಯಕರು ಮರದ ಎಡಗಾಲನ್ನು ಚಾಚಿ ಹಿಂದಿನ ಗಾಲಿಯ ಬಳಿ ಕೂತು, ದಪ್ಪ ಕೊಳವೆಯೊಂದರ ಮೇಲೆ ಅಂಗೈ ಇಟ್ಟಿದ್ದಾರೆ. ಒಳಗಿನ ಎಣ್ಣೆ ಬೆಚ್ಚಗಾಗುವ ತನಕ ಅವರು ಗಾಡಿ ಕದಲಿಸುವವರಲ್ಲ.

ಹೆಂಡತಿ ಗುರುಸಿದ್ದಮ್ಮ ಅಂಬಲಿಯ ಚೊಂಬು ಹಿಡಿದು ಬಂದು, ಗಾಡಿ ನೋಡಲು ಬಂದ ನಮ್ಮ ಕಡೆ ತಿರುಗುತ್ತಾರೆ. "ನಂಗೆ ಜರ ಬಂದ್ರೆ ಒಂದಿನ ಕೈ ಮಡಗಿ ನೋಡ್ನಿಲ್ಲ. ಇದ್ಕೆ ದಿನಾ ನೋಡ್ತನೆ."

"ನೀ ಕಾದಿದ್ರೆ ದೂರದಿಂದ್ಲೇ ಗೊತ್ತಾಯ್ತದೆ ಕಣಮ್ಮಿ," ಎನ್ನುತ್ತಾರೆ ಗಂಡ, ಕೈ ತೆಗೆಯದೆ.

ಈ ಪುಟ್ಟ ಟ್ರ್ಯಾಕ್ಟರನ್ನು ಊರವರು ಊಟಿ ಗಾಡಿ ಎಂದೇ ಕರೆಯುತ್ತಾರೆ. ಸ್ವಾತಂತ್ರ್ಯ ಬಂದಮೇಲೂ ನೀಲಗಿರಿಯಲ್ಲೇ ಉಳಿದಿದ್ದ ಒಬ್ಬ ಇಂಗ್ಲಿಷ್ ದೊರೆ, ಬಂಗಲೆಯ ಮುಂದಿನ ಹುಲ್ಲು ಕತ್ತರಿಸುವುದಕ್ಕೆಂದು ಇದನ್ನು ತರಿಸಿಕೊಂಡಿದ್ದರಂತೆ. ಅಲ್ಲಿಯ ಯಾವುದೋ ಸಣ್ಣ ಕಾರ್ಖಾನೆಯವರು ಪರೀಕ್ಷೆಗಾಗಿ ಮಾಡಿದ ಗಾಡಿ. ದೊರೆ ಊರಿಗೆ ಹೊರಟಾಗ ಕೊಳ್ಳುವವರು ಯಾರೂ ಸಿಗಲಿಲ್ಲ. ಹೊಸ ಯಂತ್ರವೆಂದರೆ ಆಸೆಪಡುವ ನೀಲಕಂಠಸ್ವಾಮಿಯವರು ಲಾರಿಯಲ್ಲಿ ಹಾಕಿಸಿ ಘಾಟಿ ಇಳಿಸಿ ತಂದರು. ತಂದಮೇಲೆ ಓಡಿಸುವವರೂ ಇಲ್ಲ. ಗೇರು ಎಲ್ಲಿ ಎಂದು ಹುಡುಕಿ, ಕಾಣದೆ, ಬಂದ ಡ್ರೈವರುಗಳೆಲ್ಲ ಇಳಿದು ಹೋದರು.

ರಂಗನಾಯಕರು ಆಗ ಅದೇ ಹೊಲದಲ್ಲಿ ಹಕ್ಕಿ ಕಾಯುತ್ತಿದ್ದರು. ಹರೆಯದಲ್ಲಿ ಲಾರಿ ಕ್ಲೀನರಾಗಿ, ಇನ್ನೇನು ಸ್ಟಿಯರಿಂಗ್ ಕೈಗೆ ಸಿಗಬೇಕು ಎನ್ನುವಾಗ ಘಾಟಿಯ ತಿರುವಿನಲ್ಲಿ ಲಾರಿ ಮಗುಚಿ ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಕ್ಲಚ್ ತುಳಿಯುವ ಕಾಲೇ ಹೋದಮೇಲೆ ಡ್ರೈವರ್ ಆಗುವ ಮಾತೂ ಹೋಯಿತು. ಊಟಿಯಿಂದ ಗಾಡಿಯ ಜೊತೆ ಇಳಿದು ಬಂದಿದ್ದ ಬಂಗಲೆಯ ಮಾಲಿ, ಇದರಲ್ಲಿ ತುಳಿಯುವುದು ಬ್ರೇಕು ಒಂದೇ ಎಂದು ಅರ್ಧ ತಮಿಳಿನಲ್ಲಿ ಹೇಳಿದ್ದು ಅವರ ಕಿವಿಗೆ ಬಿತ್ತು. ಕವಣೆಯನ್ನು ಅಟ್ಟಣೆಯ ಮೇಲೇ ಬಿಟ್ಟು ಇಳಿದು ಬಂದರು.

"ಇದ್ನ ಓಡ್ಸದು ಗೇರಲ್ಲ ಸ್ವಾಮಿ, ಎಣ್ಣೆ," ಎಂದು ಅವರು ವಿವರಿಸತೊಡಗುತ್ತಾರೆ. ಮಿಕ್ಕ ಟ್ರ್ಯಾಕ್ಟರುಗಳಲ್ಲಿ ಎಂಜಿನ್ನಿನ ಬಲ ಹಲ್ಲುಚಕ್ರಗಳನ್ನು ದಾಟಿ ಗಾಲಿಗೆ ಹೋಗುತ್ತದೆ. ಒಂದು ಹಲ್ಲು ಬಿಡಿಸಿ ಇನ್ನೊಂದಕ್ಕೆ ಕೂಡಿಸುವಾಗಲೆಲ್ಲ ಕ್ಲಚ್ ತುಳಿಯಬೇಕು. ಇಲ್ಲಿ ಎಂಜಿನ್ ಒಂದು ಪಂಪನ್ನು ತಿರುಗಿಸುತ್ತದೆ. ಅದರೊಳಗೆ ವೃತ್ತವಾಗಿ ಕೂರಿಸಿದ ಬೆರಳುದ್ದದ ಪಿಸ್ಟನ್ನುಗಳು ಒಂದು ತಟ್ಟೆಗೆ ತಲೆಯೊರಗಿಸಿ ಸುತ್ತುತ್ತವೆ. ತಟ್ಟೆ ನೆಟ್ಟಗಿದ್ದರೆ ಅವು ಬರಿದೇ ಸುತ್ತುತ್ತವೆ. ಎಣ್ಣೆ ಕದಲುವುದಿಲ್ಲ, ಗಾಡಿಯೂ ಕದಲುವುದಿಲ್ಲ. ಕೈಯ ಲಿವರನ್ನು ಮುಂದೆ ತಳ್ಳಿದರೆ ತಟ್ಟೆ ಓರೆಯಾಗುತ್ತದೆ. ಆಗ ಪಿಸ್ಟನ್ನುಗಳು ಒನಕೆಗಳಂತೆ ಒಂದರ ಹಿಂದೊಂದು ಎದ್ದು ಬಿದ್ದು ಎಣ್ಣೆಯನ್ನು ಕೊಳವೆಗೆ ನೂಕುತ್ತವೆ. ಆ ಎಣ್ಣೆ ಹಿಂದಿನ ಅಚ್ಚಿನ ಬಳಿಯ ಇಂಥದೇ ಇನ್ನೊಂದು ಯಂತ್ರಕ್ಕೆ ನುಗ್ಗಿ, ಗಾಲಿಯನ್ನು ತಿರುಗಿಸಿ, ಮತ್ತೆ ಪಂಪಿಗೆ ಮರಳುತ್ತದೆ. ತಟ್ಟೆ ಓರೆಯಾದಷ್ಟೂ ಎಣ್ಣೆ ಹೆಚ್ಚು, ಓಟ ಹೆಚ್ಚು. ಲಿವರನ್ನು ಹಿಂದಕ್ಕೆಳೆದರೆ ತಟ್ಟೆ ಆ ಕಡೆ ವಾಲಿ, ಹರಿವು ತಿರುಗಿ, ಗಾಡಿ ಹಿಂದಕ್ಕೆ ಬರುತ್ತದೆ. ಎಡಗಾಲಿಗೆ ಇಲ್ಲಿ ಕೆಲಸವೇ ಇಲ್ಲ.

ಹೊಲದೊಳಗೆ ಇಷ್ಟು ಸಾಕಿತ್ತು. ಆದರೆ ಕಡಲೆಕಾಯಿ ಮೂಟೆಗಳನ್ನು ಗುಂಡ್ಲುಪೇಟೆಗೆ ಸಾಗಿಸಬೇಕೆಂದರೆ ದೊಡ್ಡ ರಸ್ತೆ ಹಿಡಿಯಬೇಕು, ರಸ್ತೆಗೆ ಲೈಸೆನ್ಸ್ ಬೇಕು. ದೀಪಾವಳಿಯೊಳಗೆ ಲೈಸೆನ್ಸ್ ಆಗದಿದ್ದರೆ ಬೇರೆಯವರನ್ನು ತಂದು ಕೂರಿಸುವುದಾಗಿ ಯಜಮಾನರು ಹೇಳಿಬಿಟ್ಟರು. ರಂಗನಾಯಕರು ಬಸ್ಸು ಹತ್ತಿ ಚಾಮರಾಜನಗರಕ್ಕೆ ಹೋದರು. ಅಲ್ಲಿ ಬ್ರೇಕ್ ಇನ್ಸ್‌ಪೆಕ್ಟರು ಅವರ ಕಾಲು ನೋಡಿ, ಕ್ಲಚ್ ಯಾವುದರಲ್ಲಿ ತುಳಿಯುತ್ತೀ ಎಂದು ಕೇಳಿದರು.

"ತುಳಿಯಕ್ಕೆ ಕ್ಲಚ್ಚೇ ಇಲ್ಲ ಬುದ್ದಿ."

ಇದನ್ನು ತುಂಟ ಮಾತೆಂದೇ ಎಣಿಸಿ ಅವರು ಅರ್ಜಿಯನ್ನು ಪಕ್ಕಕ್ಕಿಟ್ಟರು. ರಂಗನಾಯಕರು ಬಾಗಿಲಿನಿಂದ ಕದಲಲಿಲ್ಲ. ಗಾಡಿ ನೋಡದೆ ಇಲ್ಲ ಅನ್ನಬೇಡಿ, ನೋಡಿ ಇಲ್ಲ ಅನ್ನಿ ಎಂದು ಸಂಜೆಯವರೆಗೂ ಅದನ್ನೇ ಹೇಳಿದರು. ಕೊನೆಗೆ, ದಸರೆಯ ಮರುವಾರ ಗುಂಡ್ಲುಪೇಟೆಗೆ ಬರುತ್ತೇನೆ, ತಂದು ತೋರಿಸು ಎಂದರು ಇನ್ಸ್‌ಪೆಕ್ಟರು.

ಅಷ್ಟರಲ್ಲಿ ಆಯುಧಪೂಜೆ ಬಂತು. ಆಳು ಕೆಂಪಯ್ಯ ಭಕ್ತಿಯಿಂದ ಗಾಡಿಗೆ ಕೊಡಗಟ್ಟಲೆ ನೀರು ಹೊಯ್ದು ತೊಳೆದ. ಎಣ್ಣೆಯ ತೊಟ್ಟಿಯ ಮುಚ್ಚಳ ತೆರೆದಿದ್ದುದು ಅವನಿಗೆ ಕಾಣಲಿಲ್ಲ. ಕುಂಕುಮ, ಬಾಳೆಕಂಬ, ನಿಂಬೆಹಣ್ಣು ಎಲ್ಲ ಆಗಿ ಗಾಡಿ ಹೊರಟರೆ ಗಾಲಿ ತಡವರಿಸುತ್ತದೆ. ಎಣ್ಣೆ ಇಳಿಸಿ ನೋಡಿದರೆ ಮಜ್ಜಿಗೆಯ ಹಾಗೆ ಬೆಳ್ಳಗಾಗಿದೆ. ಅಂಥ ಎಣ್ಣೆ ಮೈಸೂರಿನಿಂದ ಬರಬೇಕಾದರೆ ಇನ್ಸ್‌ಪೆಕ್ಟರು ಬಂದು ಹೋಗಿರುತ್ತಾರೆ. ರಂಗನಾಯಕರು ಚಪ್ಪರದ ಕಂಬಕ್ಕೆ ಒರಗಿ ಕೂತುಬಿಟ್ಟರು.

ಗುರುಸಿದ್ದಮ್ಮ ಬೆರಳದ್ದಿ ನೋಡಿದರು. "ನೀರು ತಾನೆ ಸೇರಿರದು? ಬೆಣ್ಣೆ ಕಾಯಿಸ್ದಂಗೆ ಕಾಯ್ಸನ. ಸದ್ದು ನಿಂತ್ರೆ ನೀರು ಓಯ್ತು ಅಂತ."

ಅಂಗಳದಲ್ಲಿ ಒಲೆ ಹೂಡಿ, ಸಣ್ಣ ಕೆಂಡದ ಮೇಲೆ ಸ್ವಲ್ಪ ಸ್ವಲ್ಪವಾಗಿ ಕಾಯಿಸಿದರು. ಮೊದಲು ಚಟಪಟ ಸಿಡಿಯಿತು, ಆಮೇಲೆ ಪಿಸುಗುಟ್ಟಿತು, ಆಮೇಲೆ ಮೌನ. ತಣಿದ ಎಣ್ಣೆಯನ್ನು ಮಡಿಸಿದ ಪಂಚೆಯಲ್ಲಿ ಸೋಸಿ, ಒಳಗೆಲ್ಲ ತೊಳೆದು ಒಣಗಿಸಿ ತುಂಬಿದರು. ಗಾಡಿ ಕದಲಿತು. ಬಿಸಿಲಲ್ಲಿ, ಏರಿನಲ್ಲಿ ಆ ಎಣ್ಣೆ ತಾಳೀತೇ ಎಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಗುಂಡ್ಲುಪೇಟೆಯ ದಾರಿಯಲ್ಲಿ ಲೈಸೆನ್ಸ್ ಉಳ್ಳವರೊಬ್ಬರು ಜೊತೆಗಿರಬೇಕಾಗಿ ಬಸ್ ಡ್ರೈವರ್ ನಿಂಗಯ್ಯ ಮಡ್‌ಗಾರ್ಡ್ ಮೇಲೆ ಕೂತರು. "ಲೇ ರಂಗ, ಬೇಕಾದ್ರೆ ನನ್ನ ಎಡಗಾಲ್ನ ಕೊಡ್ತಿನಿ ಕಣ್ಲಾ," ಎಂದರು.

"ನೀನೇ ಮಡಿಕ. ಇನ್ಸ್‌ಪೆಕ್ಟ್ರು ಮುಂದೆ ನಡುಗಕ್ಕೆ ನಿಂಗೆ ಎರ್ಡೂ ಬೇಕಾಯ್ತವೆ."

ಇನ್ಸ್‌ಪೆಕ್ಟರು ಗಾಡಿಯ ಸುತ್ತ ಬಂದರು, ಬಗ್ಗಿ ನೋಡಿದರು, ನಿಂಗಯ್ಯನವರನ್ನು ಇಳಿಸಿ ತಾವೇ ಹತ್ತಿ ಕೂತರು. ನಡುಮಧ್ಯಾಹ್ನದ ಬಿಸಿಲು. ಕಾದ ಎಣ್ಣೆ ತೆಳ್ಳಗಾಗಿ ಪಿಸ್ಟನ್ನಿನ ಸಂದಿಯಲ್ಲಿ ಜಾರಿ ಎಳೆತ ಕಡಿಮೆಯಾಗುವ ಹೊತ್ತು. ಮೂಟೆ ತುಂಬಿದ ಟ್ರೈಲರೊಂದನ್ನು ಹಿಂದಕ್ಕೆ ಕಟ್ಟಿಸಿ, ಏರಿನ ನಡುವೆ ನಿಲ್ಲಿಸು ಎಂದರು. ಲಿವರು ನಡುವಿಗೆ ಬಂತು, ಬಲಗಾಲು ಬ್ರೇಕಿಗೆ ಹೋಯಿತು. ಗಾಡಿ ನಿಂತಿತು. ಮುಂದೆ ಹೋಗು ಎಂದರು. ಒಂದು ಗಳಿಗೆ ಬರಿಯ ನಾದ. ಆಮೇಲೆ ಗಾಲಿ ಮಣ್ಣು ಕಚ್ಚಿ, ಒಂದು ಅಂಗುಲವೂ ಹಿಂದಕ್ಕೆ ಜಾರದೆ ಮೇಲೇರಿತು.

ಲೈಸೆನ್ಸ್ ಬಂದಿದೆ. ಆದರೆ ಅದರಲ್ಲಿ ಒಂದು ಸಾಲು ಸೇರಿದೆ: ಎಡಗಾಲಿನ ಊನದ ಕಾರಣ, ಈ ಒಂದು ವಾಹನಕ್ಕೆ ಮಾತ್ರ. ಗಾಡಿ ಮುರಿದ ದಿನ ಅವರ ಡ್ರೈವರಿಕೆಯೂ ಮುಗಿಯುತ್ತದೆ. ಅದನ್ನು ಓದಿಸಿಕೊಂಡು ಬೇಸರವಾಗಲಿಲ್ಲವೇ ಎಂದು ಕೇಳಿದರೆ ರಂಗನಾಯಕರು ಸೀಟಿನ ಮೇಲೆ ನೆಟ್ಟಗಾಗುತ್ತಾರೆ.

"ಊನ ನನ್ನ ಕಾಲಲ್ಲಿ ಅದೆ ಅಂತ ಬರ್ಕೊಂಡವ್ರೆ, ಬರ್ಕೊಳ್ಳಿ. ನನ್ನ ಕೇಳಿದ್ರೆ ಊನ ಮಿಕ್ಕಿದ್ ಗಾಡಿಗಳ್ದು. ಅವ್ನೂ ಇಂಗೇ ಮಾಡಿ ತರ್ಲಿ ಸ್ವಾಮಿ. ಎಲ್ಲಾನೂ ಓಡುಸ್ತಿನಿ."